ಅತ್ತೆಯ ಮೊಣಕಾಲು ಮತ್ತು ಎರಡು ಕಾರುಗಳು

ರೊಟ್ಟಿ ಬಡಿಯುವಾಗ ಯಾರು ಏನು ಕೇಳಿದರೂ ನಾನು ‘ಹೂಂ’ ಅಂದುಬಿಡುತ್ತೇನೆ. ಇದು ನನ್ನ ದೌರ್ಬಲ್ಯ. ಕೈ ತಟತಟ ಬಡಿಯುತ್ತಿರುತ್ತದೆ, ಹೆಂಚಿನ ಮೇಲೆ ಇನ್ನೊಂದು ಉಬ್ಬುತ್ತಿರುತ್ತದೆ, ಬಾಯಲ್ಲಿ ಪಂಚಾಕ್ಷರಿ ನಡೆದಿರುತ್ತದೆ. ಇದರ ನಡುವೆ ಬಂದ ಪ್ರಶ್ನೆಗೆ ಬೇಡ ಅನ್ನಬೇಕಾದರೆ ಕಾರಣ ಹೇಳಬೇಕು, ಕಾರಣ ಹೇಳುವಷ್ಟರಲ್ಲಿ ರೊಟ್ಟಿ ಸೀದಿರುತ್ತದೆ. ನಮ್ಮ ಮನೆಯವರಿಗೆ ಇದು ಮದುವೆಯಾದ ಹೊಸದರಲ್ಲೇ ತಿಳಿದುಹೋಯಿತು. ಅವರ ಹಾರ್ಡ್‌ವೇರ್ ಅಂಗಡಿ ಜಾಗ ಬದಲಿಸಿದ್ದು, ಹಿತ್ತಲಿನ ನುಗ್ಗೆಮರ ಕಡಿಸಿದ್ದು, ಅವರ ಗೆಳೆಯರ ಇಡೀ ಗುಂಪನ್ನು ಹಬ್ಬದೂಟಕ್ಕೆ ಕರೆದದ್ದು ಎಲ್ಲವೂ ನನ್ನ ಒಪ್ಪಿಗೆ ಪಡೆದೇ ಆಗಿವೆ. ಆ ಭಾನುವಾರ ಬೆಳಿಗ್ಗೆಯೂ ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು, “ಈಗ ಎರಡು ಗಾಡಿ ಬರ್ತಾವ, ನೋಡಾಕ. ಅದರಾಗ ಒಂದು ತಗೊಳ್ಳಾನ ಅಂತ ಮಾಡೀನಿ” ಎಂದರು. ನಾನು ಹೂಂ ಅಂದೆ. ಆಮೇಲೆ ಅರ್ಥವಾಗಿ, ಬಡಿಯುತ್ತಿದ್ದ ರೊಟ್ಟಿಯ ನಡುವೆ ಬೆರಳು ತೂರಿ ತೂತಾಯಿತು.

ಅದು ನಮ್ಮ ಹೊಸಪೇಟೆಯಲ್ಲಿ ಅದಿರಿನ ಕಾಲ. ಸಂಡೂರಿನ ಗುಡ್ಡದ ಮಣ್ಣೆಲ್ಲ ಚೀನಾಕ್ಕೆ ಹೋಗುತ್ತದಂತೆ ಎಂದು ಊರೆಲ್ಲ ಮಾತಾಡುತ್ತಿತ್ತು. ಅದರಲ್ಲಿ ಒಂದು ಪಾಲು ನಮ್ಮ ಕಿಟಕಿಯ ಕಟ್ಟೆಯ ಮೇಲೆಯೇ ಉಳಿಯುತ್ತದೆ ಎಂಬುದು ಅದನ್ನು ಒರೆಸುವ ನನ್ನಂಥವರಿಗೆ ಮಾತ್ರ ಗೊತ್ತಿತ್ತು. ಚಿತ್ತವಾಡ್ಗಿಯ ನಮ್ಮ ಓಣಿಯಲ್ಲಿ ನಿನ್ನೆಯವರೆಗೆ ಸೈಕಲ್ ತಳ್ಳಿಕೊಂಡು ಬರುತ್ತಿದ್ದವರು ಇವತ್ತು ಲಾರಿ ಬಿಟ್ಟು, ನಾಳೆ ದೊಡ್ಡ ಗಾಡಿಯಿಂದ ಇಳಿಯುತ್ತಿದ್ದರು. ಗಾಡಿ ಓಣಿಯೊಳಗೆ ಬಂದರೆ ತಿರುಗುತ್ತಿರಲಿಲ್ಲ. ಹಿಂದಕ್ಕೆ ಹಿಂದಕ್ಕೆ ಹೋಗಬೇಕು; ಅದು ಹೋಗುವವರೆಗೆ ಸೊಪ್ಪಿನವಳೂ ಎಮ್ಮೆಯೂ ಗೋಡೆಗೆ ಅಂಟಿಕೊಂಡು ನಿಲ್ಲಬೇಕು. ಎತ್ತರದ ಗಾಡಿಗೆ ಎಸ್‌ಯುವಿ ಎಂದೂ ತಗ್ಗಿನ ಗಾಡಿಗೆ ಸೆಡಾನ್ ಎಂದೂ ಹೆಸರು ಎಂದು ನಮ್ಮವರು ನನಗೆ ಹೇಳಿಕೊಟ್ಟರು. ನನಗೆ ಹೆಸರು ಯಾವುದಾದರೂ ಆದೀತು. ಗಂಡಸರು ಗಾಡಿಯನ್ನು ಹೊರಗೆ ನಿಂತು ನೋಡುತ್ತಾರೆ, ಬಾನೆಟ್ ಎತ್ತಿ ನೋಡುತ್ತಾರೆ, ಚಕ್ರಕ್ಕೆ ಒದ್ದು ನೋಡುತ್ತಾರೆ. ಹೆಂಗಸರಿಗೆ ಬೇಕಾದ್ದು ಒಳಗೆ. ಕಾಲು ಎಲ್ಲಿಡುವುದು, ಬುತ್ತಿಗಂಟು ಎಲ್ಲಿಡುವುದು, ಕೂಸಿಗೆ ವಾಂತಿ ಬಂದರೆ ಯಾವ ಕಿಟಕಿ ಜಲ್ದಿ ಇಳಿಯುತ್ತದೆ, ಇಷ್ಟೇ ನಮ್ಮ ಪರೀಕ್ಷೆ.

ನಿಜ ಹೇಳುತ್ತೇನೆ, ನಾನು ಮೊದಲಿನಿಂದ ಸೆಡಾನಿನ ಪಕ್ಷ. ಕಾರಣ, ಎಸ್‌ಯುವಿಯ ಹಿಂಬದಿಯ ಅಡ್ಡ ಸೀಟು. ಹೊರಗಿನಿಂದ ನೋಡಿದವರಿಗೆ ಆ ಸೀಟು ಇದೆ ಎಂಬುದೇ ತಿಳಿಯುವುದಿಲ್ಲ. ಒಮ್ಮೆ ಸಂಬಂಧಿಕರ ಗಾಡಿಯಲ್ಲಿ ಸಂಡೂರಿಗೆ ನಿಶ್ಚಿತಾರ್ಥಕ್ಕೆ ಹೋದೆವು. ಮುಂದೆ ಗಂಡಸರು, ನಡುವೆ ಹಿರಿಯರು, ನಡುವೆಯೇ ಹಿರಿಯರಂತೆ ಮುಖ ಮಾಡಿಕೊಂಡು ಕೂತ ಕೆಲವು ಕಿರಿಯ ಗಂಡಸರು. ಹಿಂದಿನ ಬಾಗಿಲು ತೆಗೆದು, ಎದುರುಬದುರಾಗಿ ಇಟ್ಟ ಎರಡು ಪುಟ್ಟ ಬೆಂಚುಗಳಿಗೆ ನಮ್ಮನ್ನು ಹತ್ತಿಸಿದರು. ನಡುವೆ ಹಣ್ಣಿನ ಬುಟ್ಟಿ, ಸೀರೆಯ ತಟ್ಟೆ, ನನ್ನ ತೊಡೆಯ ಮೇಲೆ ಸಕ್ಕರೆ ಅಚ್ಚಿನ ಡಬ್ಬಿ. ಗಾಡಿ ಮುಂದಕ್ಕೆ ಹೋಗುತ್ತಿದ್ದರೆ ನಾನು ಪಕ್ಕಕ್ಕೆ ಹೋಗುತ್ತಿದ್ದೆ. ಎದುರಿಗೆ ಕೂತ ಬೀಗಿತ್ತಿಯ ಮೊಣಕಾಲು ನನ್ನ ಮೊಣಕಾಲಿಗೆ ತಾಗುತ್ತಿತ್ತು. ಲಾರಿಗಳ ಕೆಂಪು ಧೂಳು ಹಿಂದಿನ ಬಾಗಿಲಿನ ಸಂದಿಯಿಂದ ಮೊದಲು ನಮ್ಮನ್ನೇ ಮಾತಾಡಿಸಿ ಆಮೇಲೆ ಮುಂದಿನವರ ಕಡೆಗೆ ಹೋಗುತ್ತಿತ್ತು. ಇಳಿದಾಗ ಹುಡುಗಿಯ ತಾಯಿ ನನ್ನನ್ನು ನೋಡಿ, “ಏನ್ರವ್ವಾ, ಮೈನ್ಸಿನಾಗ ಕೆಲ್ಸಕ್ಕ ಹೋಗಿ ಸೀದಾ ಬಂದೀರೇನು?” ಎಂದರು. ಸೆಡಾನಿನಲ್ಲಿ ಅಡ್ಡ ಸೀಟಿಲ್ಲ. ಇರುವುದೇ ಎರಡು ಸಾಲು. ಹಿಂದಿನ ಸಾಲಾದರೂ ನ್ಯಾಯವಾಗಿ ಮುಂದಕ್ಕೆ ಮುಖ ಮಾಡಿ ಕೂರುವ ಸಾಲು.

ಆದರೆ ಗಾಡಿ ಬೇಕಾಗಿದ್ದು ನನಗೂ ಅಲ್ಲ, ನಮ್ಮವರಿಗೂ ಅಲ್ಲ, ಅತ್ತೆಗೆ. ಅವರ ಮೊಣಕಾಲು ಕೈಕೊಟ್ಟ ಮೇಲೆ ಅವರು ಹೊಸ್ತಿಲು ದಾಟಿ ಎಲ್ಲಿಗೂ ಹೋಗಿರಲಿಲ್ಲ. ಕಂಪ್ಲಿಯಲ್ಲಿ ಅವರ ತಂಗಿ ಶಾಂತಮ್ಮ ಇದ್ದಾರೆ. ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ಶಾಂತಮ್ಮನಿಗೆ ಬಸ್ಸಿನ ವಾಸನೆ ಬಿದ್ದರೆ ಸಾಕು ತಲೆ ತಿರುಗುತ್ತದೆ, ನಮ್ಮ ಅತ್ತೆಗೆ ಬಸ್ಸಿನ ಮೆಟ್ಟಿಲು ಹತ್ತಲು ಬರುವುದಿಲ್ಲ. ಇಬ್ಬರೂ ಫೋನಿನಲ್ಲಿ ಮಾತಾಡುತ್ತಿದ್ದರು. ಮಾತಾಡುತ್ತಿದ್ದರು ಎನ್ನುವುದಕ್ಕಿಂತ ಒದರುತ್ತಿದ್ದರು. ಫೋನ್ ಇಲ್ಲದಿದ್ದರೂ ಅರ್ಧ ದಾರಿಯವರೆಗೆ ಕೇಳಿಸುತ್ತಿತ್ತೇನೋ. ಈಚೆಗೆ ಒಂದು ದಿನ ಶಾಂತಮ್ಮ ಮಾತಿನ ನಡುವೆ ಅತ್ತುಬಿಟ್ಟರು. “ಅಕ್ಕಾ, ಒಂದ್ಸಲ ಮಾರಿ ತೋರ್ಸಿ ಹೋಗ. ನಾಳಿ ಯಾರು ಇರ್ತೀವೋ ಯಾರು ಇಲ್ಲೋ.” ಅತ್ತೆ ಫೋನ್ ಇಟ್ಟವರು ಆ ಹೊತ್ತು ಊಟ ಮಾಡಲಿಲ್ಲ.

ಎತ್ತಿ ಆಟೋದಲ್ಲಿ ಕೂರಿಸುತ್ತೇವೆ ಎಂದು ನಾವು ಎಷ್ಟು ಸಲ ಹೇಳಿದ್ದೆವು! ಅತ್ತೆ ತಮ್ಮನ್ನು ಮುಟ್ಟಿ ಎತ್ತಲು ಯಾರಿಗೂ ಬಿಡುವುದಿಲ್ಲ. ಸ್ವಂತ ಮಗನಿಗೂ ಬಿಡುವುದಿಲ್ಲ. “ನನ್ನ ಎತ್ತಾದು ಒಂದ ಸಲ. ಅವತ್ತು ನಾಕು ಮಂದಿ ಎತ್ರಿ, ನಾನು ಬ್ಯಾಡ ಅನ್ನಂಗಿಲ್ಲ” ಎಂದುಬಿಡುತ್ತಿದ್ದರು. ಹಾಗಾಗಿ ಅವರು ತಾವಾಗಿಯೇ ಹತ್ತಿ ಕೂರಬಲ್ಲ ಗಾಡಿಯನ್ನೇ ತರಬೇಕಾಗಿತ್ತು. ಅದು ಸಿಗದಿದ್ದರೆ ಅಕ್ಕತಂಗಿಯರು ಇನ್ನು ಒಬ್ಬರ ಮುಖ ಒಬ್ಬರು ನೋಡುವ ಹಾಗಿರಲಿಲ್ಲ.

ಮೊದಲು ಬಂದದ್ದು ಎಸ್‌ಯುವಿ. ನಮ್ಮವರ ಗೆಳೆಯ ಬಸಣ್ಣ ಅದಿರಿಗೆ ಲಾರಿ ಬಿಟ್ಟವನು, ಅದಕ್ಕಿಂತ ದೊಡ್ಡದು ತೆಗೆದುಕೊಳ್ಳಲೆಂದು ಇದನ್ನು ಮಾರುತ್ತಿದ್ದ. ಬಾಗಿಲು ತೆಗೆದು, “ಬರ್ರಿ ಅಕ್ಕಾರ, ಕುಂದ್ರಿ, ಮನ್ಯಾಗಿನ ಮಂಚಕ್ಕಿಂತ ಮಸ್ತ್ ಐತಿ” ಎಂದ. ಕೂತೆ. ಸುಳ್ಳು ಹೇಳಬಾರದು, ನಡುವಿನ ಸೀಟು ಮಂಚದಂತೆಯೇ ಇತ್ತು. ಕಾಲು ಚಾಚಿದರೆ ಮುಂದಿನ ಸೀಟು ತಾಗದು, ತಲೆಯ ಮೇಲೆ ಒಂದು ತುಂಬಿದ ಕೊಡ ಇಟ್ಟುಕೊಳ್ಳುವಷ್ಟು ಜಾಗ. ಅಲ್ಲಿಂದ ಕೆಳಗೆ ನೋಡಿದರೆ ಪಕ್ಕದ ಮನೆಯ ಶರಣಮ್ಮನ ಕಾಂಪೌಂಡಿನ ಒಳಗೆ ಏನು ಒಣಗಲು ಹಾಕಿದ್ದಾರೆ ಎಂಬುದೆಲ್ಲ ಕಾಣುತ್ತಿತ್ತು. ನನ್ನ ಮನಸ್ಸು ಸ್ವಲ್ಪ ವಾಲಿತು. ಆಗ ಹಿಂದಕ್ಕೆ ತಿರುಗಿ ಆ ಅಡ್ಡ ಬೆಂಚುಗಳನ್ನು ನೋಡಿದೆ. ಮನಸ್ಸು ನೆಟ್ಟಗಾಯಿತು.

ಅತ್ತೆ ಕೋಲೂರಿಕೊಂಡು ಬಂದು, ಗಾಡಿಯ ನೆಲ ಎಲ್ಲಿದೆ ಎಂದು ಕೋಲಿನಿಂದಲೇ ಅಳೆದರು. ಅದು ಅವರ ಸೊಂಟದ ಹತ್ತಿರ ಬಂತು. “ಇದಕ್ಕ ಏಣಿ ಕೊಡ್ತೀಯೇನಪಾ?” ಎಂದು ಬಸಣ್ಣನನ್ನು ಕೇಳಿದರು. ನಮ್ಮವರು ಒಳಗೆ ಓಡಿಹೋಗಿ, ಅವಸರದಲ್ಲಿ ಕೈಗೆ ಸಿಕ್ಕಿದ ಮಣೆಯನ್ನು ತಂದು ಗಾಡಿಯ ಬಾಗಿಲ ಬಳಿ ಇಟ್ಟರು. ಅತ್ತೆ ಕಾಲೆತ್ತಿದವರು ಹಾಗೆಯೇ ನಿಂತರು. ಅದು ದೇವರ ಕೋಣೆಯ ಮಣೆ. ಅಯ್ಯನವರು ಮನೆಗೆ ಬಂದಾಗ ಅದರ ಮೇಲೆ ಕೂರಿಸಿ ಪಾದಪೂಜೆ ಮಾಡುವುದು.

“ಲೇ, ಅಯ್ನೋರು ಕುಂದ್ರೋ ಮಣಿ ಮ್ಯಾಲೆ ನಾನು ಕಾಲಿಡ್ಲೇನು? ಅಂಗಡ್ಯಾಗ ಮೊಳಿ ಮಾರಿ ಮಾರಿ ನಿನ್ನ ತಲಿಗೂ ಒಂದು ಹೊಡ್ಕೊಂಡೀಯೇನು?”

ಮಣೆ ಒಳಗೆ ಹೋಯಿತು, ಅದರ ಹಿಂದೆಯೇ ನಾನು ಹೋಗಿ ನೀರು ಚಿಮುಕಿಸಿ, ವಿಭೂತಿ ಹಚ್ಚಿ ಇಟ್ಟುಬಂದೆ. ಆಮೇಲೆ ಬಕೆಟ್ಟು ಬೋರಲು ಹಾಕಿದರು. “ಇದರ ಮ್ಯಾಲೆ ಹತ್ತಿದ್ರ ಕಂಪ್ಲಿಗೆ ಅಲ್ಲ, ಸೀದಾ ಕೈಲಾಸಕ್ಕ” ಎಂದು ಅತ್ತೆ ಅದನ್ನು ಕೋಲಿನಿಂದ ಉರುಳಿಸಿದರು. ಬಸಣ್ಣ ತಲೆ ಕೆರೆದುಕೊಂಡು, ಗಾಡಿಯನ್ನು ಹಿಂದಕ್ಕೆ ಹಿಂದಕ್ಕೆ ತೆಗೆದುಕೊಂಡು ಹೋದ. ನಾನು ಮುಖದಲ್ಲಿ ಬೇಸರ ತೋರಿಸಿ, ಮನಸ್ಸಿನಲ್ಲಿ ವಿರೂಪಾಕ್ಷನಿಗೆ ಕೈಮುಗಿದೆ.

ಸೆಡಾನ್ ಒಬ್ಬ ಬ್ಯಾಂಕ್ ಮ್ಯಾನೇಜರರದು. ಅವರಿಗೆ ಬೇರೆ ಊರಿಗೆ ವರ್ಗವಾಗಿತ್ತು. ನಮ್ಮವರೇ ಹೋಗಿ ಓಡಿಸಿಕೊಂಡು ಬಂದರು. ಅಂಗಡಿಯ ಟೆಂಪೋ ಓಡಿಸಿ ಅವರ ಕೈ ಪಳಗಿದೆ. ಎಂಥ ಗಾಡಿ ಎನ್ನುತ್ತೀರಿ! ಬಾಗಿಲು ಹಾಕಿದರೆ ಸದ್ದಿಲ್ಲ. ಸೀಟಿಗೆ ಬೂದು ಬಣ್ಣದ ಮೆತ್ತನೆಯ ಬಟ್ಟೆ, ಒರಗಿದರೆ ಬೆನ್ನಿನ ನೋವು ಎಲ್ಲೆಲ್ಲಿದೆಯೋ ಅಲ್ಲಲ್ಲಿಗೇ ಹೋಗಿ ತಾಗುವಂಥದ್ದು. ಹಿಂದಿನ ಡಿಕ್ಕಿ ನಮ್ಮ ಅಕ್ಕಿಯ ಕಣಜದಷ್ಟು. ಕಾಲಿಗೆ ಜಾಗ ಸ್ವಲ್ಪ ಕಡಿಮೆ, ನಿಜ. ನಡುವೆ ಕೂತವರ ಕಾಲಿನ ಕೆಳಗೆ ಒಂದು ದಿಬ್ಬ ಬರುತ್ತದೆ, ಅದೂ ನಿಜ. ಆದರೆ ನಮ್ಮ ಮನೆಯಲ್ಲಿ ನಡುವೆ ಕೂರುವವರು ಯಾರಿದ್ದಾರೆ? ಅತ್ತೆ ಬಂದರು. ಗಾಡಿಗೆ ಬೆನ್ನು ಮಾಡಿ ನಿಂತರು. ಮೆಲ್ಲಗೆ ಸೀಟಿನ ಮೇಲೆ ಕೂತರು. ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಒಳಗೆ ತೆಗೆದುಕೊಂಡರು. ಅಷ್ಟೇ! ಯಾರೂ ಮುಟ್ಟಲಿಲ್ಲ. ಅವರ ಮುಖ ನೋಡಬೇಕಾಗಿತ್ತು. “ಶಿವಾ” ಎಂದು ಒರಗಿ, “ತೊಟ್ಲದಾಗ ಕುಂತಂಗ ಐತಲೇ” ಎಂದರು. ನಮ್ಮವರ ಕಣ್ಣು ಒದ್ದೆಯಾಗಿತ್ತು. ನಾನು ಮನಸ್ಸಿನಲ್ಲಿಯೇ ಆ ಬೂದು ಸೀಟಿಗೆ ಒಂದು ಹೊದಿಕೆ ಹೊಲಿಯಲು ಶುರುಮಾಡಿದ್ದೆ.

“ಆತು, ಇಳಿ ಅವ್ವ, ಚಾ ಕುಡ್ಯಾನ” ಎಂದರು ನಮ್ಮವರು.

ಅತ್ತೆ ಕಾಲು ಹೊರಗಿಟ್ಟರು. ಬಾಗಿಲು ಹಿಡಿದರು. ಏಳಲು ನೋಡಿದರು. ಸೀಟು ತಗ್ಗಿನಲ್ಲಿತ್ತು, ಮೊಣಕಾಲು ಎದೆಯ ಹತ್ತಿರ ಬಂದಿತ್ತು. ಇನ್ನೊಮ್ಮೆ ನೋಡಿದರು. ಇಳಿಯುವುದಿರಲಿ, ಇನ್ನಷ್ಟು ಒಳಗೆ ಹೋದರು. ನಾನೂ ನಮ್ಮವರೂ ಒಟ್ಟಿಗೆ ಕೈಚಾಚಿದೆವು. “ಮುಟ್ಟಬ್ಯಾಡ್ರಿ!” ಎಂದು ಕಾಲು ಒಳಗೆಳೆದುಕೊಂಡು, ಸೀಟಿನ ಮೇಲೆಯೇ ಮಡಚಿ ಕೂತು, “ನನಗ ಇಲ್ಲೇ ಆರಾಮ ಐತಿ. ಚಾ ಇಲ್ಲೇ ತರ್ರಿ” ಎಂದರು.

ಚಹಾ ಅಲ್ಲಿಗೇ ಹೋಯಿತು. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಅಲ್ಲಿಗೇ ಹೋದವು. ಶರಣಮ್ಮ ಬಂದು ಕಿಟಕಿಯಲ್ಲಿ ಬಗ್ಗಿ, “ಏನ್ ದೊಡ್ಡವ್ವಾರ, ಇಲ್ಲೇ ಮನಿ ಮಾಡೀರೇನು?” ಎಂದರು. “ಹೂಂ ಮತ್ತ, ನಿಮ್ಮ ಮನ್ಯಾಗ ಇಂಥಾ ಮೆತ್ತನ ಜಾಗ ಎಲ್ಲೈತಿ?” ಎಂದು ಅತ್ತೆ ಸೊಪ್ಪು ಸೋಸಲು ತರಿಸಿಕೊಂಡರು. ಓಣಿಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಬಂದು ಎದುರು ಬಾಗಿಲಿನಿಂದ ಒಳಗೆ ಕೂತು, ಸೀಟು ಒತ್ತಿ ನೋಡಿ, ಏಸಿಯ ಗಾಳಿಗೆ ಮುಖ ಕೊಟ್ಟು ಹೋದರು. ನಮ್ಮವರು ನನ್ನನ್ನು ಪಕ್ಕಕ್ಕೆ ಕರೆದು, “ಏನ್ ಮಾಡಾದಲೇ ಈಗ? ಮ್ಯಾನೇಜರಿಗೆ ಗಾಡಿ ಕೊಡ್ತೀನಿ, ಜತಿಗೆ ನಮ್ಮವ್ವನ್ನೂ ಇಟ್ಕೊಳ್ರಿ ಅನ್ಲೇನು?” ಎಂದು ಪಿಸುಗುಟ್ಟಿದರು. ನನಗೆ ನಗು ಬಂತು. ಆದರೆ ಅತ್ತೆ ಸೊಪ್ಪನ್ನು ಎಸೆದು ಕಡ್ಡಿಯನ್ನು ತಟ್ಟೆಗೆ ಹಾಕುತ್ತಿರುವುದು ಕಿಟಕಿಯಲ್ಲಿ ಕಾಣಿಸಿ ನಗು ಅಲ್ಲಿಯೇ ನಿಂತಿತು. ಈ ಗಾಡಿಯೂ ಆಗುವುದಿಲ್ಲ ಎಂದು ಅವರಿಗೆ ನಮಗಿಂತ ಮೊದಲೇ ತಿಳಿದಿತ್ತು.

ಆಗ ಅತ್ತೆಯೇ ಕೂಗಿ ಹೇಳಿದರು. “ಇಳ್ದು ಮತ್ತ ಹತ್ತಾದು ಎರಡೆರಡು ಕೆಲ್ಸ. ಹತ್ತೀನಲ್ಲ, ಹಂಗ ಕಂಪ್ಲಿಗೆ ಹೊಡಿ.”

ಮ್ಯಾನೇಜರರಿಗೆ ಫೋನ್ ಮಾಡಿದೆವು. ಒಳ್ಳೆಯ ಮನುಷ್ಯ, ಹೋಗಿಬನ್ನಿ ಎಂದರು. ನಾನು ಇದ್ದ ರೊಟ್ಟಿ ಕಟ್ಟಿಕೊಂಡು ಅತ್ತೆಯ ಪಕ್ಕ ಕೂತೆ. ಕಮಲಾಪುರದವರೆಗೆ ನಾನು ರಾಣಿ. ಆಮೇಲೆ ರಸ್ತೆ ಶುರುವಾಯಿತು. ರಸ್ತೆ ಎಂದರೆ ನಡುನಡುವೆ ಡಾಂಬರು ಇದ್ದ ಗುಂಡಿಗಳು. ಪ್ರತಿ ಗುಂಡಿಗೂ ಗಾಡಿಯ ಹೊಟ್ಟೆ ನೆಲಕ್ಕೆ ತಾಗಿ ಕರ್ರ್ ಅನ್ನುತ್ತಿತ್ತು, ಪ್ರತಿ ಸಲವೂ ಅತ್ತೆ “ಅಯ್ಯೋ ಪಾಪ” ಅನ್ನುತ್ತಿದ್ದರು, ಬಸುರಿ ಎಮ್ಮೆಯನ್ನು ಹೊಡೆದುಕೊಂಡು ಹೋದಂತೆ. ಹಂಪಿಯ ಕಡೆಗೆ ಕೈಮುಗಿಯಲು ಅತ್ತೆ ಕತ್ತು ಉದ್ದ ಮಾಡಿದರು. ಸೀಟು ತಗ್ಗು, ಕಿಟಕಿ ಗಲ್ಲದ ಹತ್ತಿರ. ಕಂಡದ್ದು ಬಾಳೆಯ ದಿಂಡುಗಳು ಮಾತ್ರ. “ಗುಡ್ಡನೂ ಕಾಣವಲ್ದಲ್ಲ” ಎಂದು ಬಾಳೆಗಿಡಕ್ಕೇ ಕೈಮುಗಿದರು. ನಾನು ಸೆಡಾನಿನ ಪರವಾಗಿ, “ದೇವರು ಎಲ್ಲಾ ಕಡಿ ಇರ್ತಾನ್ರಿ ಅತ್ತಿ” ಎಂದೆ.

ಕಂಪ್ಲಿಯಲ್ಲಿ ಮನೆಯ ಮುಂದೆ ಗಾಡಿ ನಿಂತಾಗ ಶಾಂತಮ್ಮ ಪಡಸಾಲೆಯಲ್ಲಿ ಅಕ್ಕಿ ಕೇರುತ್ತಿದ್ದರು. ಮೊರ ಕೈಯಲ್ಲಿಯೇ ಹಿಡಿದು ಕುಂಟುತ್ತ ಬಂದರು. ಇಬ್ಬರೂ ಅಳುತ್ತಾರೆಂದು ನಾನು ಸೆರಗು ಸಿದ್ಧಮಾಡಿಕೊಂಡಿದ್ದೆ. ಶಾಂತಮ್ಮ ಕಿಟಕಿಯಲ್ಲಿ ಇಣುಕಿ, “ಹಲ್ಲೆಲ್ಲಾ ಎಲ್ಲಿ ಹೋದ್ವ ಅಕ್ಕಾ?” ಎಂದರು. ಅತ್ತೆ, “ನಿನ್ನ ಕೂದ್ಲ ಹುಡುಕಾಕ ಹೋಗ್ಯಾವ” ಎಂದರು. ನಾನು ಮುಂದಿನ ಸೀಟಿಗೆ ಹೋದೆ. ಶಾಂತಮ್ಮ ಅಕ್ಕನ ಪಕ್ಕ ಹತ್ತಿ ಕೂತು ಕಾಲು ಮಡಚಿದರು. ಇಬ್ಬರು ಮುದುಕಿಯರು, ಮಡಚಿದ ನಾಲ್ಕು ಕಾಲು, ನಡುವೆ ರೊಟ್ಟಿಗಂಟು. ಸೆಡಾನಿನ ಹಿಂದಿನ ಸೀಟಿನಲ್ಲಿ ಇನ್ನೂ ಜಾಗ ಉಳಿದಿತ್ತು. ಹೊತ್ತು ವಾಲುವವರೆಗೆ ಅವರು ಹಾಗೆಯೇ ಕೂತು ಮಾತಾಡಿದರು. ಯಾರು ಸತ್ತರು, ಯಾರು ಹೆತ್ತರು, ಅವ್ವನ ಕಿವಿಯ ಬುಗುಡಿ ಕೊನೆಗೆ ಯಾರ ಪಾಲಾಯಿತು. ಬುಗುಡಿಯ ವಿಷಯಕ್ಕೆ ಒಂದು ಸಣ್ಣ ಜಗಳವೂ ಆಯಿತು. ಜಗಳದ ಹೊತ್ತಿನಲ್ಲಿಯೂ ಶಾಂತಮ್ಮ ಅಕ್ಕನ ಮೊಣಕಾಲು ತಿಕ್ಕುವುದನ್ನು ಬಿಡಲಿಲ್ಲ.

ಹೊರಡುವ ಹೊತ್ತಾಯಿತು. ಶಾಂತಮ್ಮನಿಗೂ ಇಳಿಯಲು ಬರಲಿಲ್ಲ. ಆದರೆ ಅವರು ಒಂದು ಕ್ಷಣವೂ ಯೋಚಿಸಲಿಲ್ಲ. “ಏ ಗಿರಿಜಾ, ಬಾರವ್ವ ಇಲ್ಲಿ. ನಿನ್ನ ಕುತ್ತಿಗಿ ಕೊಡು” ಎಂದು ಎರಡೂ ಕೈಯಿಂದ ನನ್ನ ಕುತ್ತಿಗೆಗೆ ಜೋತುಬಿದ್ದು, “ಹೂಂ, ಎಳಿ!” ಎಂದರು. ಎಳೆದೆ. ನಗುತ್ತಲೇ ಹೊರಗೆ ಬಂದು ನಿಂತರು.

“ನಾಚಿಕಿಲ್ಲ ಈಕಿಗೆ” ಎಂದರು ಅತ್ತೆ.

“ನೀನು ನಾಚಿಕಿ ಇಟ್ಕಂಡು ವರ್ಷಗಟ್ಲೆ ಮನ್ಯಾಗ ಕುಂತಿ. ನಾನು ನಾಚಿಕಿ ಬಿಟ್ಟು ದಿನಾ ಓಣಿ ತುಂಬ ತಿರುಗ್ತೀನಿ. ಯಾರು ಶಾಣ್ಯಾ?” ಎಂದು ಶಾಂತಮ್ಮ ಕಿಟಕಿಯಲ್ಲಿ ಕೈಹಾಕಿ ಅಕ್ಕನ ಗಲ್ಲ ಸವರಿದರು. ಆಗ ಮಾತ್ರ ಇಬ್ಬರೂ ಅತ್ತರು. ನನ್ನ ಸೆರಗು ಕೆಲಸಕ್ಕೆ ಬಂತು, ನನಗೇ.

ಬರುವಾಗ ದಾರಿಯುದ್ದಕ್ಕೂ ಅತ್ತೆ ತಂಗಿ ತಿಕ್ಕಿದ ಮೊಣಕಾಲನ್ನು ತಾವೇ ತಿಕ್ಕಿಕೊಳ್ಳುತ್ತಿದ್ದರು. ಗುಂಡಿಗಳಿಗೂ ಅಯ್ಯೋ ಅನ್ನಲಿಲ್ಲ. ಮನೆಯ ಮುಂದೆ ಬಂದಾಗ ದೀಪ ಹಚ್ಚುವ ಹೊತ್ತು. ನಮ್ಮವರು ಬೀಗ ತೆಗೆಯಲು ಹೋದರು. ನಾನು ಹಿಂದಿನ ಬಾಗಿಲು ತೆರೆದು ದೂರ ನಿಂತೆ. ಅತ್ತೆ ಓಣಿಯ ಆ ತುದಿ ಈ ತುದಿ ನೋಡಿ, “ಯಾರೂ ನೋಡವಲ್ರಲ್ಲ?” ಎಂದರು.

“ಯಾರೂ ಇಲ್ರಿ ಅತ್ತಿ” ಎಂದೆ. ಶರಣಮ್ಮನ ಕಿಟಕಿಯಲ್ಲಿ ಇಡೀ ಸಂಸಾರವೇ ನಿಂತಿತ್ತು. ವಿರೂಪಾಕ್ಷ ಕ್ಷಮಿಸಲಿ.

“ಹಂಗಾರ ಬಾ. ನಿನ್ನ ಕುತ್ತಿಗಿ ಕೊಡು. ಬ್ಯಾರೆ ಯಾರೂ ಬ್ಯಾಡ.”

ಬಗ್ಗಿದೆ. ಅವರ ಎರಡು ಕೈಗಳು ನನ್ನ ಕುತ್ತಿಗೆಯನ್ನು ಸುತ್ತಿದವು. ಇಷ್ಟು ವರ್ಷ ಒಂದೇ ಒಲೆಯ ಮುಂದೆ ಬಾಳಿದ್ದೇವೆ, ನಾನು ಅವರ ಕಾಲಿಗೆ ಬಿದ್ದಿದ್ದೇನೆ, ಅವರು ನನ್ನ ತಲೆ ಮುಟ್ಟಿದ್ದಾರೆ, ಅದಕ್ಕಿಂತ ಹತ್ತಿರ ನಾವು ಬಂದಿರಲಿಲ್ಲ. ವಿಭೂತಿಯ ವಾಸನೆ, ಮೊಣಕಾಲಿಗೆ ಹಚ್ಚುವ ಎಣ್ಣೆಯ ವಾಸನೆ. ಎತ್ತಿದೆ. ದಿನಾ ನಾನು ಹೊರುವ ನೀರಿನ ಕೊಡಕ್ಕಿಂತ ಹಗುರ ಅನ್ನಿಸಿತು. ಇಷ್ಟು ಗಟ್ಟಿ ದನಿಯ ಹೆಂಗಸು ಇಷ್ಟು ಹಗುರ ಇದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. ನೆಲದ ಮೇಲೆ ನಿಂತ ಮೇಲೂ ಅವರು ಒಂದು ಗಳಿಗೆ ಕೈ ಬಿಡಲಿಲ್ಲ. ಆಮೇಲೆ ನನ್ನ ಕಿವಿಯಲ್ಲಿ, “ಗಟ್ಟಿ ಐತಿ ಬಿಡು ನಿನ್ನ ಕುತ್ತಿಗಿ. ಅದಕ್ಕ ಇಷ್ಟು ವರ್ಷ ನನ್ನ ಮಾತಿಗೆ ಬಗ್ಗಿಲ್ಲ” ಎಂದರು.

ಒಳಗೆ ಹೋಗಿ ಕೂತು, ನೀರು ಕುಡಿದು, ಮಗನನ್ನು ಕರೆದು ತೀರ್ಪು ಕೊಟ್ಟರು. “ಬಸಣ್ಣನ ದೊಡ್ಡ ಗಾಡಿನ ತಗೋ. ಶಾಂತಿನ್ನ ಕರ್ಕೊಂಡು ಹಂಪಿಗೆ ಹೋಗ್ಬೇಕು ನಾನು. ಇದ್ರಾಗ ಕುಂತ್ರ ಬಾಳಿಗಿಡ ಬಿಟ್ಟು ಏನೂ ಕಾಣಂಗಿಲ್ಲ, ಹೊಟ್ಟಿ ಬ್ಯಾರೆ ಕರ್ರ್ ಅಂತೈತಿ.”

“ಅದಕ್ಕ ಹತ್ತಾದು ಹೆಂಗ ಅವ್ವ?”

“ಕೆಳಗ ಒಂದು ಮೆಟ್ಲು ವೆಲ್ಡಿಂಗ್ ಮಾಡ್ಸು. ಮ್ಯಾಲಿಂದಕ್ಕ ಈಕಿ ಅದಾಳಲ್ಲ.”

ನಾನು ಬಾಗಿಲಿಗೆ ಒರಗಿ ನಿಂತೆ. ಬೆಳಗಿನಿಂದ ನಾನು ದೇವರಲ್ಲಿ ಬೇಡಿದ್ದು, ಅತ್ತೆ ಸೆಡಾನಿನಲ್ಲಿ ಕೂರುವಂತಾಗಲಿ ಎಂದು. ಅವನು ಕೂರಿಸಿದ. ಇಳಿಯುವುದರ ಬಗ್ಗೆ ನಾನು ಏನೂ ಬೇಡಿರಲಿಲ್ಲ. ಕೇಳದ್ದನ್ನು ಅವನಾದರೂ ಯಾಕೆ ಕೊಡುತ್ತಾನೆ? ನನ್ನ ಕುತ್ತಿಗೆ ಸ್ವಲ್ಪ ಸೊಟ್ಟಗಿದ್ದಿದ್ದರೆ ಆ ಬೂದು ಸೀಟು ನನ್ನದಾಗುತ್ತಿತ್ತೇನೋ. ಈಗ ನಡುವಿನ ಸಾಲಿಗೆ ಇಬ್ಬರು ಮುದುಕಿಯರು ಕಾಲು ಮಡಚಿಕೊಂಡು ಬರುತ್ತಾರೆ. ಇಳಿಸಲು ಹಿಂದಿನ ಅಡ್ಡ ಬೆಂಚಿನಿಂದ ನಾನು ಓಡಿಬರಬೇಕು. ಇರಲಿ. ಓಡಿಬರಲು ಕಾಲು ಕೊಟ್ಟಿದ್ದಾನೆ. ನಾಚಿಕೆ ಬಿಟ್ಟು ಜೋತುಬೀಳಲು ಅವರಿಗೆ ಓಣಿಯಲ್ಲಿ ಇನ್ಯಾರ ಕುತ್ತಿಗೆಯೂ ಬೇಡವಾಗಿ ನನ್ನದೇ ಬೇಕಾಯಿತಲ್ಲ, ಅದೂ ಒಂದು ದಯೆಯೇ.

ನಮ್ಮವರು ಕಾರಿನ ಕೀಲಿ ಹಿಡಿದು ಮ್ಯಾನೇಜರರ ಮನೆಗೆ ಹೊರಟರು. ನಾನು ಮರುದಿನದ ಪಲ್ಯಕ್ಕೆ ಹೆಸರುಕಾಳು ನೆನೆಹಾಕಲು ಒಳಗೆ ಹೋದೆ. ಡಬ್ಬಿ ಕೆಳಗಿನ ಅರೆಯಲ್ಲಿತ್ತು. ಬಗ್ಗಲು ಹೋದರೆ ಕುತ್ತಿಗೆ ಹಿಡಿದುಕೊಂಡಿತ್ತು, ಸುತಾರಾಂ ಬಗ್ಗಲಿಲ್ಲ. ಅತ್ತೆ ಹೇಳಿದ್ದೂ ಸುಳ್ಳಲ್ಲ ಎಂದುಕೊಂಡು, ನೋಡದೆ ಕೈಗೆ ಬಂದಷ್ಟು ಕಾಳನ್ನು ಪಾತ್ರೆಗೆ ಸುರಿದು ನೀರು ಹಾಕಿದೆ.